ಚಹಾ ಚೆಲ್ಲಿದ ಮೇಲಿನ ಹತ್ತು ಸೆಕೆಂಡು

ಗ್ರಾಮ ಒನ್ ಕೇಂದ್ರದ ಟೇಬಲ್ಲು ಹೇಗಿರುತ್ತದೆ ಎಂದು ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಬ್ಬೆಟ್ಟು ಒತ್ತುವ ಯಂತ್ರ, ಪ್ರಿಂಟರು, ಆಧಾರ್ ಝೆರಾಕ್ಸುಗಳ ಕಟ್ಟು, ನಟ್ಟನಡುವೆ ಲ್ಯಾಪ್‌ಟಾಪು, ಅದರ ಮಗ್ಗುಲಿಗೆ ಅರ್ಧ ಚಹಾ. ಜುಲೈ ಮುಗಿಯುತ್ತ ಬಂದು ಬೆಳೆವಿಮೆಯ ಗಡುವು ಸಮೀಪಿಸಿತೆಂದರೆ ಆ ಟೇಬಲ್ಲಿನ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ‘ತಮ್ಮಾ, ನಂದೊಂದ್ ಉತಾರ ನೋಡೋ’ ಎಂದು ಯಾರೋ ಹಿಂದಿನಿಂದ ಕೈ ಚಾಚುತ್ತಾರೆ. ಕಪ್ಪು ಉರುಳುತ್ತದೆ. ಹಾಲು, ಸಕ್ಕರೆ, ಶುಂಠಿ ಎಲ್ಲ ಬೆರೆತ ಬಿಸಿ ಚಹಾ ಕೀಗಳ ಸಂದಿಯಲ್ಲಿ ಇಳಿದುಹೋಗುತ್ತದೆ.

ಹತ್ತು ವರ್ಷದ ಹಿಂದೆ ಇದು ಪೇಟೆಯವರ ತಾಪತ್ರಯವಾಗಿತ್ತು. 2022ರ ಜನವರಿ 26ರಂದು ಗ್ರಾಮ ಒನ್ ಕೇಂದ್ರಗಳು ಶುರುವಾದ ಮೇಲೆ ಪಂಚಾಯ್ತಿಗೊಂದರಂತೆ ಇಂಥ ಟೇಬಲ್ಲುಗಳು ಹುಟ್ಟಿಕೊಂಡವು. ಅಲ್ಲಿನ ಯಂತ್ರ ಸರ್ಕಾರದ್ದಲ್ಲ. ಕೇಂದ್ರ ನಡೆಸುವ ಹುಡುಗ ಅಥವಾ ಹುಡುಗಿ ಸ್ವಂತ ದುಡ್ಡಿನಲ್ಲಿ, ಬಹಳ ಸಲ ಸಾಲದಲ್ಲಿ ಕೊಂಡದ್ದು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಇಲಾಖೆ ಕೊಟ್ಟ ಲ್ಯಾಪ್‌ಟಾಪುಗಳಿವೆ, ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಬಂದವಿವೆ, ಗ್ರಾಮ ಆಡಳಿತಾಧಿಕಾರಿಗಳ ಚೀಲದಲ್ಲಿರುವವೂ ಇವೆ. ಮನೆಯಲ್ಲಿ ಇವುಗಳ ಜಾಗ ಹೆಚ್ಚಾಗಿ ನೆಲದ ಮೇಲೆ, ಜಮಖಾನದ ಮೇಲೆ. ಚಹಾದ ಕಪ್ಪು-ಬಸಿಯೂ ಅಲ್ಲೇ.

ಚೆಲ್ಲಿದ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, ನಾಲ್ಕು ಕೀ ಒತ್ತಿ ನೋಡಿ, ‘ನಡ್ಯಾಕತ್ತೈತಿ ಬಿಡ್ರಿ, ಏನೂ ಆಗಿಲ್ಲ’ ಎಂದು ಮುಂದಿನ ಅರ್ಜಿ ತೆಗೆದುಕೊಳ್ಳುವುದು. ಸಂಜೆಗೆ ಒಂದು ಅಕ್ಷರ ತಾನಾಗಿಯೇ ಮೂಡತೊಡಗುತ್ತದೆ, ಮರುದಿನ ಒಂದು ಸಾಲು ಸಾಯುತ್ತದೆ, ಮೂರನೆಯ ದಿನ ಯಂತ್ರ ಏಳುವುದೇ ಇಲ್ಲ. ಆಗ ದೂರು ಚಹಾದ ತಲೆಗೆ ಬರುತ್ತದೆ. ನನ್ನ ಪ್ರಕಾರ ಚಹಾಕ್ಕೆ ಸಲ್ಲಬೇಕಾದ್ದು ಕಾಲು ಪಾಲು ಅಪರಾಧ. ಉಳಿದ ಮುಕ್ಕಾಲು, ಒದ್ದೆಯಾದ ಯಂತ್ರದಲ್ಲಿ ಹರಿಯಲು ಬಿಟ್ಟ ಕರೆಂಟಿನದು.

ಯಾಕೆಂದು ತಿಳಿಯಲು ಕೀಬೋರ್ಡಿನ ಹೊಟ್ಟೆ ನೋಡಬೇಕು. ಮೇಲೆ ಕಾಣುವ ಪ್ಲಾಸ್ಟಿಕ್ ಗುಂಡಿಯ ಕೆಳಗೆ ಕತ್ತರಿಯ ಆಕಾರದ ಎರಡು ಸಣ್ಣ ಕಡ್ಡಿಗಳು, ಅವುಗಳ ನಡುವೆ ರಬ್ಬರಿನ ಪುಟ್ಟ ಗುಮ್ಮಟ. ಗುಮ್ಮಟದ ಕೆಳಗೆ ಮೂರು ಪದರಗಳ ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ಬೆಳ್ಳಿಪುಡಿ ಬೆರೆಸಿದ ಶಾಯಿಯಿಂದ ಎಳೆದ ಗೆರೆಗಳಿವೆ, ನಡುವಿನ ಹಾಳೆಯಲ್ಲಿ ಪ್ರತಿ ಕೀಗೆ ಒಂದು ತೂತಿದೆ. ನಾವು ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನದನ್ನು ಮುಟ್ಟುತ್ತದೆ. ನೂರು ಕೀಗಳಿಗೆ ನೂರು ತಂತಿ ಎಳೆಯುವ ಬದಲು ಅಡ್ಡಕ್ಕೆ ಎಂಟು, ಉದ್ದಕ್ಕೆ ಹದಿನಾರು ಎಂಬಂತೆ ಜಾಲ ಹೆಣೆದಿರುತ್ತಾರೆ. ಇಪ್ಪತ್ನಾಲ್ಕೇ ಗೆರೆಗಳಲ್ಲಿ 128 ಕೂಡುಗಳು ಸಿಗುತ್ತವೆ. ಉಪಾಯ ಚೆನ್ನಾಗಿದೆ, ಆದರೆ ಒಂದು ಗೆರೆ ಕತ್ತರಿಸಿತೆಂದರೆ ಅದರ ಮೇಲಿನ ಅಷ್ಟೂ ಕೀಗಳು ಒಟ್ಟಿಗೆ ಹೋಗುತ್ತವೆ. ಚಹಾ ಬಿದ್ದದ್ದು ಬಲಮೂಲೆಗೆ, ಕೆಟ್ಟದ್ದು ಎಡಗಡೆಯ ಎರಡು ಅಕ್ಷರ ಎಂಬ ವಿಚಿತ್ರಕ್ಕೆ ಕಾರಣ ಇದೇ.

ಹಾಳೆಗಳ ನಡುವಿನ ಸಂದಿ ಕೂದಲಷ್ಟು ಕಿರಿದು. ಅಂಥ ಕಡೆ ದ್ರವ ತಾನಾಗಿಯೇ ಹಬ್ಬುತ್ತದೆ, ಹೊರಗೆ ಬರಲು ಮಾತ್ರ ಒಲ್ಲೆನ್ನುತ್ತದೆ. ಒಳಗೆ ನಡೆಯುವುದು ಎರಡು ಶತಮಾನದ ಹಳೆಯ ಪ್ರಯೋಗ. 1800ರಲ್ಲಿ ಇಂಗ್ಲೆಂಡಿನ ವಿಲಿಯಂ ನಿಕೋಲ್ಸನ್ ಮತ್ತು ಆಂಥನಿ ಕಾರ್ಲೈಲ್ ಬ್ಯಾಟರಿಯ ಎರಡು ಹಿತ್ತಾಳೆ ತಂತಿಗಳನ್ನು ನೀರಿನಲ್ಲಿ ಅದ್ದಿದಾಗ ಒಂದರಿಂದ ಗಾಳಿಗುಳ್ಳೆ ಎದ್ದಿತು, ಇನ್ನೊಂದು ಕಿಲುಬುಗಟ್ಟಿತು. ನೀರು ಹೀಗೆ ಒಡೆಯಲು ಕನಿಷ್ಠ 1.23 ವೋಲ್ಟಿನಷ್ಟು ಒತ್ತಡ ಬೇಕು. ಲ್ಯಾಪ್‌ಟಾಪಿನ ಒಳಗೆ 3.3 ವೋಲ್ಟಿದೆ, 5 ವೋಲ್ಟಿದೆ, ಚಾರ್ಜರಿನಿಂದ ಬರುವುದು 19 ಅಥವಾ 20. ಪರದೆ ಕಪ್ಪಾಗಿದ್ದರೂ ಪವರ್ ಬಟನ್ನಿಗಾಗಿ ಕಾದು ಕುಳಿತ ಭಾಗಗಳಲ್ಲಿ ಅದು ಇದ್ದೇ ಇರುತ್ತದೆ. ಚಹಾದಲ್ಲಿ ಲವಣಗಳಿವೆ, ಅವು ಕರೆಂಟಿಗೆ ದಾರಿ. ಆ ದಾರಿಯಲ್ಲಿ ತಾಮ್ರ ಕರಗಿ ಹಸಿರಾಗುತ್ತದೆ, ಬೆಳ್ಳಿಯ ಗೆರೆ ತಿಂದುಹೋಗುತ್ತದೆ. ಕರೆಂಟಿಲ್ಲದೆ ವಾರಗಳು ಹಿಡಿಯುವ ಕಿಲುಬು ಕರೆಂಟಿದ್ದರೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ಹೀಗಾಗಿ ಒರೆಸುವುದು ಎರಡನೆಯ ಕೆಲಸ. ಮೊದಲಿನದು ಗೋಡೆಯ ಸ್ವಿಚ್ ಆರಿಸಿ ಚಾರ್ಜರ್ ಕೀಳುವುದು, ಬಳಿಕ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯುವುದು. ಅರ್ಜಿ ಸೇವ್ ಆಗಿಲ್ಲ, ವಿಂಡೋಸ್ ಸರಿಯಾಗಿ ಮುಚ್ಚಿಲ್ಲ ಎಂಬ ಚಿಂತೆ ಈಗ ಬೇಡ. ಬೆಳೆವಿಮೆಯ ಅರ್ಜಿಯನ್ನು ಮತ್ತೆ ತುಂಬಬಹುದು. ಕೆಲವರು ಗಾಬರಿಯಲ್ಲಿ ಮುಚ್ಚಳ ಮುಚ್ಚಿಬಿಡುತ್ತಾರೆ. ಅದರಿಂದ ಯಂತ್ರ ಮಲಗುತ್ತದೆಯೇ ಹೊರತು ಆರುವುದಿಲ್ಲ, ಜೊತೆಗೆ ಕೀಗಳ ಮೇಲಿನ ಚಹಾ ಪರದೆಗೂ ಮೆತ್ತುತ್ತದೆ. ಮೌಸ್, ಪೆನ್‌ಡ್ರೈವ್, ಹೆಬ್ಬೆಟ್ಟಿನ ಯಂತ್ರ ಎಲ್ಲವನ್ನೂ ಬಿಡಿಸಿ. ಹಳೆಯ ಮಾದರಿಯಾದರೆ ಕೆಳಗಿನ ಚಿಲಕ ಸರಿಸಿ ಬ್ಯಾಟರಿ ತೆಗೆದುಬಿಡಬಹುದು. ಈಗಿನವುಗಳಲ್ಲಿ ಅದು ಒಳಗಿರುತ್ತದೆ. ಸ್ಕ್ರೂ ಬಿಚ್ಚಿ ರೂಢಿಯಿದ್ದವರು ಹತ್ತಿರದಲ್ಲಿದ್ದರೆ ಅಂದೇ ಕೆಳಮುಚ್ಚಳ ತೆಗೆಸಿ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು ಉಳಿದೆಲ್ಲ ಉಪಚಾರಕ್ಕಿಂತ ಮೇಲು. ಯಂತ್ರ ಬಿಸಿಯಾಗುತ್ತಿದ್ದರೆ, ವಾಸನೆ ಬಂದರೆ, ತಳ ಉಬ್ಬಿದಂತೆ ಕಂಡರೆ ಬಿಚ್ಚುವ ಸಾಹಸ ಬೇಡ. ಅಂಗಳಕ್ಕೆ ಒಯ್ದು ಒಂಟಿಯಾಗಿ ಇಡಿ. ಅದು ಲಿಥಿಯಂ ಬ್ಯಾಟರಿ.

ಇನ್ನು ಕವುಚಿ ಹಾಕುವ ಪ್ರಶ್ನೆ. ಇದರಲ್ಲಿ ಬಲ್ಲವರಲ್ಲೇ ಭೇದವಿದೆ. ಪರದೆಯನ್ನು ಪೂರ್ತಿ ತೆರೆದು, ಗುಡಾರದಂತೆ ತಲೆಕೆಳಗಾಗಿ ಟವೆಲ್ಲಿನ ಮೇಲೆ ನಿಲ್ಲಿಸಿ ಎಂದು ಬಹಳ ಜನ ಹೇಳುತ್ತಾರೆ. ಲೆನೊವೊ ಕಂಪನಿಯ ಕೈಪಿಡಿಗಳು ಮಾತ್ರ, ಯಂತ್ರವನ್ನು ಮಗುಚಿ ದ್ರವ ಸುರಿಸಲು ಹೋಗಬೇಡಿ ಎನ್ನುತ್ತವೆ. ಅದಕ್ಕೆ ಅರ್ಥವಿದೆ. ಥಿಂಕ್‌ಪ್ಯಾಡ್‌ನಂಥ ಕಚೇರಿ ಮಾದರಿಗಳಲ್ಲಿ ಕೀಬೋರ್ಡಿನ ಕೆಳಗೆ ತಟ್ಟೆಯಂಥ ಏರ್ಪಾಡಿದ್ದು, ನೀರು ತಳದ ತೂತುಗಳಿಂದ ಹೊರಗೆ ಹರಿದುಹೋಗುತ್ತದೆ. ಮಗುಚಿದರೆ ಆ ದಾರಿ ತಪ್ಪಿ ಬೇರೆಡೆ ನುಗ್ಗುತ್ತದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುವ ಹಳೆಯ ಕಚೇರಿ ಲ್ಯಾಪ್‌ಟಾಪುಗಳಲ್ಲಿ ಥಿಂಕ್‌ಪ್ಯಾಡುಗಳು ಸಾಕಷ್ಟಿವೆ, ಅಂಥದ್ದು ನಿಮ್ಮದಾದರೆ ಮಟ್ಟಸವಾಗಿಯೇ ಇಡಿ. ಕಡಿಮೆ ಬೆಲೆಯ ಮನೆಬಳಕೆಯ ಮಾದರಿಗಳಲ್ಲಿ ಆ ತೂತುಗಳಿರುವುದಿಲ್ಲ. ಅಲ್ಲಿ ಅಲ್ಲಾಡಿಸದೆ, ಕೊಡವದೆ, ಮೆಲ್ಲಗೆ ಕವುಚುವುದೇ ವಾಸಿ. ಕೊಡವಿದರೆ ಒಂದು ಮೂಲೆಯ ಚಹಾ ಮದರ್‌ಬೋರ್ಡಿನ ಎಲ್ಲ ಮೂಲೆಗೂ ಪ್ರಸಾದವಾಗುತ್ತದೆ.

ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ವಿದ್ಯೆಯನ್ನು ಎಲ್ಲರೂ ಬಲ್ಲರು. ಅಕ್ಕಿ ಪಕ್ಕದಲ್ಲಿನ ಗಾಳಿಯ ತೇವವನ್ನೇ ನಿಧಾನವಾಗಿ ಹೀರುತ್ತದೆ, ಹಾಳೆಗಳ ನಡುವೆ ಸಿಕ್ಕಿಕೊಂಡ ಚಹಾವನ್ನು ಎಳೆಯುವ ಶಕ್ತಿ ಅದಕ್ಕಿಲ್ಲ. ಅದರ ಹಿಟ್ಟಿನ ಧೂಳು ಮಾತ್ರ ಒಳಗೆ ಹೋಗುತ್ತದೆ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ಹೇಳಿತು. ಬಿಸಿಲಿಗಿಡುವುದು, ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಕಟ್ಟೆಯ ಮೇಲಿಡುವುದು ಕೂಡ ಬೇಡ. ತೆಳು ಹಾಳೆಗಳು ಬಿಸಿಗೆ ಸೊಟ್ಟಗಾಗುತ್ತವೆ, ಸಕ್ಕರೆ ಒಣಗಿ ಅಂಟುತ್ತದೆ. ನೆರಳು, ಫ್ಯಾನು, ತಾಳ್ಮೆ ಇಷ್ಟೇ ಬೇಕು. ಅಣ್ಣಿಗೇರಿಯ ಬೇಸಿಗೆಯ ಜಳದಲ್ಲಿ ಎರಡು-ಮೂರು ದಿನಕ್ಕೆ ಒಣಗುವ ಯಂತ್ರ, ಕಲಘಟಗಿಯಲ್ಲಿ ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ ವಾರ ಕೇಳಿದರೂ ಆಶ್ಚರ್ಯವಿಲ್ಲ. ನಡುವೆ ‘ಏನಾಗ್ಯದ ನೋಡೋಣು’ ಎಂದು ಒಮ್ಮೆ ಆನ್ ಮಾಡಿದರೂ ಅಷ್ಟು ದಿನ ಕಾದದ್ದು ವ್ಯರ್ಥ.

ಏನು ಚೆಲ್ಲಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕುಡಿಯುವ ನೀರಾದರೆ, ಬೇಗ ಆರಿಸಿದ್ದರೆ, ಒಣಗಿಸಿದ ಮೇಲೆ ಉಳಿಯುವ ಸಂಭವ ಚೆನ್ನಾಗಿದೆ. ಹಾಲು-ಸಕ್ಕರೆಯ ಚಹಾ ಹಾಗಲ್ಲ. ನೀರು ಆರಿಹೋದರೂ ಕೊಬ್ಬು, ಹಾಲಿನ ಗಟ್ಟಿ, ಸಕ್ಕರೆ ಅಲ್ಲೇ ಉಳಿಯುತ್ತವೆ. ಒಗ್ಗರಣೆ, ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಕೆಟ್ಟದ್ದು. ಹುಳಿಯೂ ಇದೆ, ಉಪ್ಪೂ ಇದೆ, ಎರಡೂ ಲೋಹಕ್ಕೆ ಶತ್ರು. ಎಳನೀರಿನಲ್ಲಿ ಪೊಟ್ಯಾಸಿಯಂ ಲವಣ. ಕೋಲಾದಂಥ ಪಾನೀಯಗಳಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ, ಮೇಲೆ ಫಾಸ್ಫಾರಿಕ್ ಆಮ್ಲ. ಸಕ್ಕರೆಯ ಹಿಂದೆಯೇ ಇರುವೆಗಳು ಬರುತ್ತವೆ. ಕೀಬೋರ್ಡಿನ ಸಂದಿಯಿಂದ ಕೆಂಪಿರುವೆಯ ಸಾಲು ಹೊರಡುವುದನ್ನು ಕಂಡವರಿಗೆ ಇದು ನಗೆಯ ಮಾತೆನಿಸುವುದಿಲ್ಲ.

ಹಾಗಾದರೆ ಸಿಹಿ, ಉಪ್ಪು ಬಿದ್ದದ್ದನ್ನು ತೊಳೆಯಬೇಕು, ಬರೀ ಒಣಗಿಸಿದರೆ ಸಾಲದು. ಇಲ್ಲಿ ನಮ್ಮ ನೆಲದ ಒಂದು ತೊಡಕಿದೆ. ನವಲಗುಂದ, ಅಣ್ಣಿಗೇರಿಯ ಎರಿ ಭೂಮಿಯಲ್ಲಿ ಬೋರಿನ ನೀರು ಬಹಳ ಕಡೆ ಸವಳು. ಮಲಪ್ರಭಾ ಕಾಲುವೆಯ ನೀರಿನಿಂದ ಕೆರೆ ತುಂಬಿಸಿಕೊಂಡು ಕುಡಿಯುವ ರೂಢಿ ಬಂದದ್ದು ಅದಕ್ಕೇ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಮೀರದಿರಲಿ, ಬೇರೆ ದಾರಿಯಿಲ್ಲದಿದ್ದರೆ 2000ದವರೆಗೆ ಇರಲಿ ಎನ್ನುತ್ತದೆ ಭಾರತೀಯ ಮಾನಕ. ಕೊಡದ ತಳದಲ್ಲಿ ಬಿಳಿ ಪೊರೆ ಬಿಡುವ ನೀರನ್ನು ಕೀಬೋರ್ಡಿಗೆ ಸುರಿದರೆ ಚಹಾದ ಲವಣ ತೆಗೆದು ಬೋರಿನ ಲವಣ ತುಂಬಿದಂತಾಯಿತು. ಶುದ್ಧ ಕುಡಿಯುವ ನೀರಿನ ಘಟಕದ ನೀರು ಅದಕ್ಕಿಂತ ಒಳ್ಳೆಯದು, ಅದರಲ್ಲೂ ಲವಣ ಪೂರ್ತಿ ಹೋಗಿರುವುದಿಲ್ಲ. ಬೇಕಾದದ್ದು ಭಟ್ಟಿ ಇಳಿಸಿದ ನೀರು. ಟ್ರ್ಯಾಕ್ಟರ್ ಬ್ಯಾಟರಿಗೆ, ಇನ್ವರ್ಟರಿಗೆ ಹಾಕುವ ‘ಬ್ಯಾಟರಿ ನೀರು’ ಎಂದು ಅದು ಎಲ್ಲ ತಾಲ್ಲೂಕು ಊರುಗಳ ಬ್ಯಾಟರಿ ಅಂಗಡಿಯಲ್ಲೂ ಕ್ಯಾನುಗಳಲ್ಲಿ ಸಿಗುತ್ತದೆ. ಅದೇ ಅಂಗಡಿಯಲ್ಲಿ ಆ್ಯಸಿಡ್ಡೂ ಮಾರುತ್ತಾರೆ. ಯಾವ ಕ್ಯಾನು ಎಂದು ಎರಡು ಸಲ ಕೇಳಿ ತನ್ನಿ.

ಹಾಗೆಂದು ಇಡೀ ಲ್ಯಾಪ್‌ಟಾಪಿಗೆ ನೀರು ಹೊಯ್ಯಲು ಹೇಳುತ್ತಿಲ್ಲ. ಯಂತ್ರದಿಂದ ಬೇರ್ಪಡಿಸಿದ ಕೀಬೋರ್ಡಿನ ಮಾತು ಅದು. ಮದರ್‌ಬೋರ್ಡಿಗೆ ತಗುಲಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್ಷು ಬೇಕು. ಅದಕ್ಕೆ ಹುಬ್ಬಳ್ಳಿಯವರೆಗೆ ಓಡಬೇಕಿಲ್ಲ. ಕುಂದಗೋಳದಲ್ಲಿ, ಕಲಘಟಗಿಯಲ್ಲಿ ಮೊಬೈಲ್ ರಿಪೇರಿ ಮಾಡುವವರು ದಿನಾ ಬಳಸುವ ‘ಐಪಿಎ’ ಇದೇ. ನೀರಿನಲ್ಲಿ ಬಿದ್ದ ಫೋನುಗಳನ್ನು ಬಿಚ್ಚಿ ತೊಳೆದ ಅವರ ಕೈಗೆ ಈ ಕೆಲಸ ಹೊಸದಲ್ಲ. ಲ್ಯಾಪ್‌ಟಾಪ್ ತಾವು ಮುಟ್ಟುವುದಿಲ್ಲ ಎಂದರೂ ಬ್ಯಾಟರಿ ಬಿಡಿಸಿಕೊಡಲು ಕೇಳಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲು, ಥಿನ್ನರು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಒಣಗಿ ಎದ್ದ ಯಂತ್ರ ತನ್ನ ರೋಗವನ್ನು ತಾನೇ ಹೇಳುತ್ತದೆ. ಒಂದೇ ಒಂದು ಕೀ, ಒತ್ತಿದ ಮೇಲೆ ಏಳಲು ತಡಮಾಡಿದರೆ ಗುಮ್ಮಟದ ಸುತ್ತ ಸಕ್ಕರೆಯ ಅಂಟಿದೆ. ಗುಂಡಿಯನ್ನು ಹುಷಾರಾಗಿ ಎಬ್ಬಿಸಿ ಒರೆಸಿದರೆ ಸಾಕು. ಕತ್ತರಿ ಕಡ್ಡಿಯ ಕೊಂಡಿ ಮುರಿಯದ ಹಾಗೆ ಎಬ್ಬಿಸುವುದೇ ಕಷ್ಟ, ಸ್ಪೇಸ್‌ಬಾರನ್ನಂತೂ ಮುಟ್ಟದಿರುವುದು ಜಾಣತನ. ಅಕ್ಷರವೊಂದು ತಾನಾಗಿಯೇ ಹರಿದುಬರುತ್ತಿದ್ದರೆ ಹಾಳೆಗಳ ನಡುವೆ ಇನ್ನೂ ತೇವವಿದೆ. ಏನು ಒತ್ತಿದರೂ ಬೇರೇನೋ ಕಿಟಕಿ ತೆರೆಯುತ್ತಿದ್ದರೆ ಕಂಟ್ರೋಲ್ ಅಥವಾ ವಿಂಡೋಸ್ ಕೀ ಕಚ್ಚಿಕೊಂಡಿದೆ. ಇದನ್ನು ವೈರಸ್ಸೆಂದು ತಿಳಿದು ಫಾರ್ಮ್ಯಾಟ್ ಮಾಡಿಸುವವರುಂಟು. ಚದುರಿದ ನಾಲ್ಕಾರು ಕೀಗಳು ಒಟ್ಟಿಗೆ ಸತ್ತಿದ್ದರೆ ಗೆರೆ ಕತ್ತರಿಸಿದೆ, ಆ ಕೀಬೋರ್ಡಿನ ಆಸೆ ಬಿಡಬೇಕು. ಬಿಟ್ಟರೂ ಲ್ಯಾಪ್‌ಟಾಪಿನ ಆಸೆ ಬಿಡಬೇಕಾಗಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಕೀಬೋರ್ಡ್ ಕೆಟ್ಟ ಮಾತ್ರಕ್ಕೆ ಮೂಲೆ ಸೇರಿದ ಲ್ಯಾಪ್‌ಟಾಪುಗಳು ಹಳ್ಳಿಯ ಮನೆಗಳ ಅಟ್ಟದಲ್ಲಿ ಬೇಕಾದಷ್ಟಿವೆ.

ಮುನ್ನೂರು, ನಾನೂರು ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದರೆ ಅಂದೇ ಕೆಲಸ ಶುರುವಾಗುತ್ತದೆ. ಅದೂ ಇಲ್ಲದಿದ್ದರೆ ವಿಂಡೋಸ್ 11ರ ಲಾಗಿನ್ ಪರದೆಯ ಬಲಬದಿಯ ಕೆಳಮೂಲೆಯಲ್ಲಿ ಮನುಷ್ಯಾಕೃತಿಯ ಗುರುತೊಂದಿದೆ. ಅದನ್ನು ಒತ್ತಿ, ಬರುವ ಪಟ್ಟಿಯಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಆರಿಸಿದರೆ ತೆರೆಯ ಮೇಲೆಯೇ ಕೀಬೋರ್ಡ್ ಮೂಡುತ್ತದೆ, ಮೌಸಿನಿಂದ ಪಾಸ್‌ವರ್ಡ್ ಹೊಡೆಯಬಹುದು. ಒಂದೆರಡೇ ಕೀ ಸತ್ತಿದ್ದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಅವುಗಳ ಕೆಲಸವನ್ನು ಬಳಸದ ಬೇರೆ ಕೀಗೆ ವಹಿಸಬಹುದು. ತಾನಾಗಿಯೇ ಅಕ್ಷರ ಕಾರುವ ಒಳ ಕೀಬೋರ್ಡಿನ ಬಾಯಿ ಮುಚ್ಚಿಸಲು ಅದರ ರಿಬ್ಬನ್ ಕೇಬಲ್ಲನ್ನು ಮದರ್‌ಬೋರ್ಡಿನಿಂದ ಕಳಚುವುದೇ ಖಾತ್ರಿ ಉಪಾಯ. ಆದರೆ ಇತ್ತೀಚಿನ ಎಷ್ಟೋ ಮಾದರಿಗಳಲ್ಲಿ ಪವರ್ ಬಟನ್ ಕೂಡ ಕೀಬೋರ್ಡಿನಲ್ಲೇ ಕೂತಿದೆ. ಕೇಬಲ್ ಕಳಚಿದರೆ ಯಂತ್ರ ಆನ್ ಮಾಡುವುದೇ ಆಗದು. ಕೆಲವು ಕಂಪನಿಯವುಗಳಲ್ಲಿ ಚಾರ್ಜರ್ ಸಿಕ್ಕಿಸಿದೊಡನೆ ಅಥವಾ ಮುಚ್ಚಳ ತೆರೆದೊಡನೆ ಏಳುವಂತೆ ಯಂತ್ರದ ಮೂಲ ಸೆಟ್ಟಿಂಗಾದ ಬಯಾಸ್‌ನಲ್ಲಿ ಹೊಂದಿಸಬಹುದು. ಕಳಚುವ ಮೊದಲೇ ಹೊಂದಿಸಿಕೊಳ್ಳಬೇಕು.

ಹೊಸ ಕೀಬೋರ್ಡ್ ಹಾಕಿಸುವುದಾದರೆ ಹುಬ್ಬಳ್ಳಿ ಈ ತಾಲ್ಲೂಕುಗಳಿಗೆಲ್ಲ ನಲವತ್ತು ಕಿಲೋಮೀಟರಿನ ಒಳಗೇ ಇದೆ. ಸಾಮಾನ್ಯ ಮಾದರಿಗಳ ಬಿಡಿಭಾಗ ಸಾವಿರ ರೂಪಾಯಿಯ ಆಸುಪಾಸು ಸಿಗುತ್ತದೆ, ದೀಪ ಬೆಳಗುವಂಥದ್ದಕ್ಕೆ ಹೆಚ್ಚು. ಕೂಲಿ ಯಂತ್ರದ ಜಾತಿಯ ಮೇಲೆ ಹೋಗುತ್ತದೆ. ಹಳೆಯವುಗಳಲ್ಲಿ ತಳದ ಮೂರ್ನಾಲ್ಕು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಕೈಗೆ ಬರುತ್ತಿತ್ತು. ಈಗ ಅಗ್ಗದ ಮಾದರಿಗಳಲ್ಲೇ ಅದನ್ನು ಮೇಲ್ಕವಚಕ್ಕೆ ಹತ್ತಾರು ಪ್ಲಾಸ್ಟಿಕ್ ಮೊಳೆಗಳಿಂದ ಕಾಯಿಸಿ ಕೂರಿಸಿಬಿಟ್ಟಿರುತ್ತಾರೆ. ಅವನ್ನು ಕೊರೆದು, ಮತ್ತೆ ಅಂಟಿಸಿ ಕೂರಿಸುವುದು ಅರ್ಧ ದಿನದ ಕೆಲಸ, ಇಲ್ಲವೇ ಇಡೀ ಮೇಲ್ಕವಚವನ್ನೇ ಕೊಳ್ಳಬೇಕು. ಅಗ್ಗದ ಯಂತ್ರದ ರಿಪೇರಿಯನ್ನು ತುಟ್ಟಿ ಮಾಡಿದ ಈ ಪದ್ಧತಿಯನ್ನು ನಾನು ಕಂಪನಿಗಳ ದುರಾಸೆ ಎಂದೇ ಕರೆಯುತ್ತೇನೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆದಿದೆ. ಮೊಳೆ ಬಡಿಯುವುದು ಅದರಿಂದ ನಿಂತಿಲ್ಲ. ವಾರಂಟಿ ಇದೆಯಲ್ಲ ಎಂದುಕೊಂಡವರಿಗೆ ಒಂದು ಮಾತು: ಮಾಮೂಲಿ ವಾರಂಟಿಯಲ್ಲಿ ದ್ರವ ಬಿದ್ದದ್ದು ಸೇರುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆಗೆ ಬೇರೆ ಹಣ ಕಟ್ಟಿದ್ದರೆ ಮಾತ್ರ ಉಂಟು. ಏನೂ ಚೆಲ್ಲಿಲ್ಲ ಎಂದು ಸುಳ್ಳು ಹೇಳಿ ಪ್ರಯೋಜನವಿಲ್ಲ. ಎಷ್ಟೋ ಯಂತ್ರಗಳ ಒಳಗೆ ತೇವ ತಾಗಿದರೆ ಕೆಂಪಾಗುವ ಬಿಳಿ ಚೀಟಿ ಅಂಟಿಸಿರುತ್ತಾರೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಹೊಸ ಕೀಬೋರ್ಡನ್ನು ಕನ್ನಡದಲ್ಲಿ ಪರೀಕ್ಷಿಸಿ. ಅಂಗಡಿಯವರು ಎ ಇಂದ ಝಡ್‌ವರೆಗೆ ಹೊಡೆದು ತೋರಿಸುತ್ತಾರೆ, ಅದು ನಮಗೆ ಸಾಲದು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ವಿನ್ಯಾಸದಲ್ಲಿ ಒತ್ತಕ್ಷರವೆಲ್ಲ ಎಫ್ ಕೀಯ ಮೇಲೆ ನಿಂತಿದೆ. ಮಹಾಪ್ರಾಣ, ದೀರ್ಘ, ಸೊನ್ನೆ, ಳ, ಣ ಎಲ್ಲಕ್ಕೂ ಶಿಫ್ಟ್ ಬೇಕು. ಇಂಗ್ಲಿಷ್ ಬರೆಯುವವನಿಗೆ ಎಫ್ ಹೋದರೆ ಒಂದು ಅಕ್ಷರ ಹೋಯಿತು, ನಮಗೆ ಅಣ್ಣನೂ ಹೋದ, ಅಪ್ಪನೂ ಹೋದ. ಪರೀಕ್ಷೆಗೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಸರೇ ಸಾಕು. ನವಲಗುಂದಕ್ಕೆ ಸೊನ್ನೆ ಬೇಕು, ಕುಂದಗೋಳಕ್ಕೆ ಸೊನ್ನೆಯ ಜೊತೆ ಓ ಮತ್ತು ಳ, ಕಲಘಟಗಿಗೆ ಘ. ಎಲ್ಲಕ್ಕೂ ಶಿಫ್ಟ್. ಅಣ್ಣಿಗೇರಿಗೆ ಶಿಫ್ಟ್ ಮತ್ತು ಎಫ್ ಎರಡೂ. ಒಮ್ಮೆ ಎಡ ಶಿಫ್ಟಿನಿಂದ, ಇನ್ನೊಮ್ಮೆ ಬಲ ಶಿಫ್ಟಿನಿಂದ ಹೊಡೆದು ನೋಡಿ.

ಸರಿಹೋಯಿತೆಂದು ತಂದ ಯಂತ್ರ ಮುಂದಿನ ಮಳೆಗಾಲದಲ್ಲಿ ಮತ್ತೆ ಕಾಡುವುದುಂಟು. ಒಳಗೆಲ್ಲೋ ಉಳಿದ ಸಕ್ಕರೆ ಗಾಳಿಯ ತೇವ ಹೀರಿ ಪಸೆಯಾಗುತ್ತದೆ, ನಿಂತಿದ್ದ ಕಿಲುಬು ಮತ್ತೆ ಶುರುವಾಗುತ್ತದೆ. ಹೀಗಾಗಿ ಎದ್ದ ದಿನವೇ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಬೇಕು. ಏಳದೇ ಹೋದ ಯಂತ್ರದಲ್ಲೂ ಕಡತಗಳಿರುವ ಎಸ್‌ಎಸ್‌ಡಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರೆ ಕಡತಗಳು ಸಿಗುತ್ತವೆ. ತೀರ ಅಗ್ಗದ ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಈ ಅನುಕೂಲವಿಲ್ಲ. ಕೀಗಳ ಮೇಲೆ ಹೊದಿಸುವ ಸಿಲಿಕೋನ್ ಹಾಳೆಗೆ ನೂರು-ಇನ್ನೂರು ರೂಪಾಯಿ. ಎರಿ ಮಣ್ಣಿನ ಧೂಳನ್ನೂ ತಡೆಯುತ್ತದೆ. ಕೀಬೋರ್ಡಿನ ಸಂದಿಯಿಂದ ಉಸಿರಾಡುವ ಮಾದರಿಗಳಲ್ಲಿ ಅದು ಬಿಸಿ ಕಟ್ಟಿಸುತ್ತದೆ, ಅಂಥವುಗಳಿಗೆ ಬೇಡ. ಕೊಳ್ಳುವಾಗ ನಿಮ್ಮ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ‘ಹದಿನೈದು ಇಂಚಿಂದು’ ಎಂದಷ್ಟೇ ಕೇಳಿದರೆ ಹೊಂದದ್ದೇ ಸಿಗುತ್ತದೆ.